ಹದಿಮೂರು ವರ್ಷ ಯಾರೂ ಬಿಚ್ಚದ ಓಲೆ

ನಗುವವರು ಮೊದಲೇ ನಕ್ಕುಬಿಡಲಿ. ಹೌದು, ನಾನು ನಾಟಕ ಕಂಪನಿಯ ಸಾಮಾನು. ಗೇಣುದ್ದದ ಒಂದು ಓಲೆ, ಸುರುಳಿ ಸುತ್ತಿ ಕೆಂಪು ದಾರ ಕಟ್ಟಿದ್ದು. ತಗಡಿನ ಕಿರೀಟ, ಕಟ್ಟಿಗೆಯ ಕತ್ತಿ, ಸೆಣಬಿನ ಗಡ್ಡ ಇವೆಲ್ಲ ನನ್ನ ಒಡಹುಟ್ಟಿದವರು. ಆದರೆ ಅವರ ಜೊತೆ ನನ್ನನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನನ್ನ ಮೈಮೇಲೆ ಬರೆದ ಮಾತು ಖರೆ ಇತ್ತು. ಅದನ್ನು ಖರೆ ಎಂದು ಒಪ್ಪಿಸುವಷ್ಟರಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಜೀವ ಹೋಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನನ್ನನ್ನು ಹುಟ್ಟಿಸಿದವನು ಹುಲಿಕಟ್ಟಿ ಕಂಪನಿಯ ಪರದೆ ಬರೆಯುವ ನಾಗೇಂದ್ರಸಾ. ಗದಗಿನ ಕ್ಯಾಂಪಿನಲ್ಲಿ, ಹರಿದ ಇಳಕಲ್ಲ ಸೀರೆಯ ಒಂದು ತುಂಡಿಗೆ ಮೈದಾ ಅಂಟು ಬಳಿದು, ಮೇಲೆ ದಪ್ಪ ಕಾಗದ ಹಚ್ಚಿ, ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ. ಒಂದೇ ಮಧ್ಯಾಹ್ನದಲ್ಲಿ ನನಗೆ ಇನ್ನೂರು ವರ್ಷ ವಯಸ್ಸಾಯಿತು. ದಾರದ ಗಂಟಿನ ಮೇಲೆ ಅರಗು ಸುರಿದು, ಮಾಲಕರ ಹಳೆಯ ಕೋಟಿನ ಗುಂಡಿಯನ್ನು ಅದರ ಮೇಲೆ ಒತ್ತಿದ. ಅದೇ ನನ್ನ ರಾಜಮುದ್ರೆ. ದೂರದಿಂದ ನೋಡಿದವರಿಗೆ ಮುದ್ರೆ ಒಡೆಯದೆ ನನ್ನನ್ನು ಬಿಚ್ಚಲಾಗದು ಎನಿಸುತ್ತಿತ್ತು. ದಾರವನ್ನು ಒಂದು ತುದಿಗೆ ಸರಿಸಿದರೆ ಸಾಕು, ನಾನು ತಾನಾಗಿ ಬಿಚ್ಚಿಕೊಳ್ಳುತ್ತಿದ್ದೆ. ಈ ಗುಟ್ಟು ಕಂಪನಿಯವರಿಗೆ ಮಾತ್ರ ಗೊತ್ತಿತ್ತು.

“ಒಳಗ ಏನ್ ಬರೀಲಿ ಮಾಲಕರ?” ಎಂದು ನಾಗೇಂದ್ರಸಾ ಕೇಳಿದ.

ಮಾಲಕರು ಚನ್ನಮಲ್ಲಪ್ಪ ಹುಲಿಕಟ್ಟಿ. ರಾಜನ ಪಾರ್ಟು ಅವರದೇ. ಕನ್ನಡಿ ಮುಂದೆ ಮೀಸೆ ಅಂಟಿಸಿಕೊಳ್ಳುತ್ತ, “ಯಾರ್ ಓದ್ತಾರಪ್ಪ ಅದನ್ನ? ಖಾಲಿ ಇರ್ಲಿ ಬಿಡು” ಎಂದರು.

ಹೀಗೆ ನಾನು ಹೊರಗೆ ಠೀವಿ, ಒಳಗೆ ಖಾಲಿಯಾಗಿ ಬಾಳು ಶುರುಮಾಡಿದೆ.

ನಮ್ಮ ಕಂಪನಿಗೆ ಹೆಸರು ತಂದ ನಾಟಕ ‘ಧವಳಕೀರ್ತಿ ವಧೆ’. ಒಬ್ಬ ರಾಜನನ್ನು ಅವನ ಮಂತ್ರಿಗಳೇ ಸಭಾಮಂಟಪದ ಮೆಟ್ಟಿಲ ಮೇಲೆ ಕೊಲ್ಲುವ ಕಥೆ. ಅವನಿಗೆ ಯಾರೂ ಹೇಳಿರಲಿಲ್ಲ ಎನ್ನುವ ಹಾಗಿಲ್ಲ. ಮೊದಲು ಮಾವುತ ಬರುತ್ತಾನೆ: ಪಟ್ಟದಾನೆ ಬೆಳಗಿನಿಂದ ಕಬ್ಬು ಮುಟ್ಟಿಲ್ಲ, ಇವತ್ತು ಸಭೆ ಬೇಡ ಸ್ವಾಮಿ ಎನ್ನುತ್ತಾನೆ. ರಾಜ ನಗುತ್ತಾನೆ. ಆಮೇಲೆ ಕ್ಷೌರಿಕ ಬಂದು, ಮಂತ್ರಿಗಳ ಗಡ್ಡ ಹೆರೆಯುವಾಗ ಕಿವಿಗೆ ಬಿದ್ದ ಪಿಸುಮಾತನ್ನು ರಾಜನ ಗಡ್ಡ ಹೆರೆಯುತ್ತ ಹೇಳುತ್ತಾನೆ. ಬಾಯಿ ಮುಚ್ಚಿಕೊಂಡು ಕತ್ತಿ ಆಡಿಸು ಎನ್ನುತ್ತಾನೆ ರಾಜ. ಕೊನೆಗೆ ಅರಮನೆಯಲ್ಲಿ ದೀಪ ಹಚ್ಚುವ ಮುದುಕಿ ಮೆಟ್ಟಿಲಿಗೆ ಅಡ್ಡ ನಿಂತು ನನ್ನನ್ನು ಅವನ ಕೈಗೆ ಕೊಡುತ್ತಾಳೆ. “ಸ್ವಾಮಿ, ಮೆಟ್ಟಿಲು ಹತ್ತುವ ಮೊದಲು ಇದನ್ನು ಓದಬೇಕು!” ಎಂದು ಸೆರಗೊಡ್ಡುತ್ತಾಳೆ. ರಾಜ ನನ್ನನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡು, “ಮೊದಲು ಪ್ರಜೆಗಳ ಮಾತು, ಆಮೇಲೆ ನನ್ನ ಮಾತು. ಸಭೆ ಮುಗಿಯಲಿ, ಓದೋಣ” ಎನ್ನುತ್ತಾನೆ. ಚಪ್ಪಾಳೆಗೆ ಡೇರೆಯ ಕಂಬ ಅಲುಗಾಡುತ್ತಿತ್ತು. ಐದು ನಿಮಿಷದಲ್ಲಿ ಅವನು ಹೆಣ.

ಹದಿಮೂರು ವರ್ಷ, ಊರಿಂದ ಊರಿಗೆ, ಹೀಗೇ ನಡೆಯಿತು. ಬಾದಾಮಿಯಲ್ಲಿ ಒಬ್ಬ ಅಜ್ಜಿ ಚಾಪೆಯಿಂದ ಎದ್ದು, “ಓದೋ ನನ್ನಪ್ಪಾ, ಓದಿ ಹೋಗೋ!” ಎಂದು ಅತ್ತಳು. ಮುದ್ದೇಬಿಹಾಳದಲ್ಲಿ ಒಬ್ಬಾತ ಚಪ್ಪಲಿ ಎಸೆದ. ಅವರೆಲ್ಲ ನನ್ನ ಪಕ್ಷದವರು. ಆದರೂ ಅಕಸ್ಮಾತ್ ರಾಜ ಬಿಚ್ಚಿಬಿಟ್ಟರೆ ನನ್ನ ಹೊಟ್ಟೆಯಲ್ಲಿ ಏನೂ ಇಲ್ಲವಲ್ಲ ಎಂದು ನನಗೆ ನಾಚಿಕೆಯಾಗುತ್ತಿತ್ತು.

ದೀಪದ ಮುದುಕಿಯ ಪಾರ್ಟು ಮಾಡುತ್ತಿದ್ದವಳು ಗುಳೇದಗುಡ್ಡದ ಜೈನಾಬಿ. ಮೂವತ್ತರ ಹೆಣ್ಣು ತಲೆಗೆ ಸುಣ್ಣದ ಪುಡಿ ಬಳಿದುಕೊಂಡು, ಬೆನ್ನು ಬಾಗಿಸಿ ಬಂದರೆ ಎಪ್ಪತ್ತರ ಮುದುಕಿಯೇ. ಜನ ಅವಳನ್ನು ಜೈನಕ್ಕ ಎಂದು ಕರೆಯುತ್ತಿದ್ದರು. ಸಂತೆಯಲ್ಲಿ ಕಂಡರೆ, “ಜೈನಕ್ಕಾ, ಒಮ್ಮಿ ಹೇಳ್ರಿ, ಮೆಟ್ಟಿಲು ಹತ್ತುವ ಮೊದಲು!” ಎಂದು ದುಂಬಾಲು ಬೀಳುತ್ತಿದ್ದರು. ಅವಳೂ ಬದನೆಕಾಯಿ ಆರಿಸುತ್ತಲೇ ಹೇಳುತ್ತಿದ್ದಳು.

ನಮ್ಮ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಯಾವುದಾದರೂ ಒಳ್ಳೆಯ ಕೆಲಸದ ಸಹಾಯಾರ್ಥ ಪ್ರಯೋಗವಿದ್ದರೆ, ಊರಿನ ಮುಖ್ಯ ಅತಿಥಿಗೆ ಕಿರೀಟ ಹಾಕಿಸಿ, ಮೆಟ್ಟಿಲಿನ ಆ ಒಂದು ಪ್ರವೇಶಕ್ಕೆ ಮಾತ್ರ ಅವರನ್ನು ರಾಜನನ್ನಾಗಿ ಮಾಡುವುದು. ಜೈನಾಬಿ ಓಲೆ ಕೊಡುತ್ತಾಳೆ, ಅತಿಥಿ ‘ಸಭೆ ಮುಗಿಯಲಿ, ಓದೋಣ’ ಎಂಬ ಆ ಮಾತು ಹೇಳಿ ಸೀಟಿ ಹೊಡೆಸಿಕೊಂಡು ಕೆಳಗಿಳಿಯುತ್ತಾರೆ. ಸಾಯುವುದಕ್ಕೆ ಮಾಲಕರೇ ಬರುತ್ತಾರೆ. ಅತಿಥಿಗೆ ಸಾವಿನ ಪಾರ್ಟು ಕೊಡುವುದು ಅಪಶಕುನವಂತೆ! ತಹಸೀಲ್ದಾರರು, ಡಾಕ್ಟರರು, ಮಿಲ್ಲಿನ ಸಾಹುಕಾರರು ಎಲ್ಲರೂ ಆ ಮಾತನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡೇ ಬರುತ್ತಿದ್ದರು.

ಆ ವರ್ಷ ನಮ್ಮ ಡೇರೆ ಹಿರೇಕೊಡ್ಲಿಯಲ್ಲಿತ್ತು. ನೇಕಾರರ ಊರು. ಪುರಸಭೆ ಅಧ್ಯಕ್ಷರು ನೇಮಣ್ಣ. ನೂಲಿಗೆ ಬಣ್ಣ ಹಾಕುವ ಕಸುಬಿನವರಾದ್ದರಿಂದ ಅವರ ಬೆರಳ ತುದಿಗಳು ಯಾವಾಗಲೂ ನೀಲಿ. ಊರ ಕೆರೆಯ ಅರ್ಧ ಅಂಗಳವನ್ನು ಕೆಲವರು ಬೇಲಿ ಹಾಕಿ ನುಂಗಿ ಕೂತಿದ್ದರು. ಸೋಮವಾರದ ಮೀಟಿಂಗಿನಲ್ಲಿ ಆ ಬೇಲಿ ಕೀಳುವ ಠರಾವು ಪಾಸು ಮಾಡುತ್ತೇನೆ ಎಂದು ನೇಮಣ್ಣ ಊರಿಗೆಲ್ಲ ಹೇಳಿದ್ದರು. ನುಂಗಿದವರಲ್ಲಿ ಮೊದಲಿಗ ಉಪಾಧ್ಯಕ್ಷ ದಾನಪ್ಪ. ನೇಮಣ್ಣರ ಹೆಗಲ ಮೇಲೆ ಕೈಹಾಕಿಕೊಂಡೇ ಓಡಾಡುವ ಮನುಷ್ಯ.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ಮಧ್ಯಾಹ್ನ ಮೂರಕ್ಕೆ ಹೆಣ್ಣುಮಕ್ಕಳ ಶಾಲೆಯ ಸಹಾಯಾರ್ಥ ಪ್ರಯೋಗ. ಬೆಳಿಗ್ಗೆ ಹತ್ತರ ಸುಮಾರಿಗೆ ದಾನಪ್ಪ, ಪುರಸಭೆ ಸದಸ್ಯ ಮಲಕಾಜಪ್ಪ ಮತ್ತು ಸೌದೆ ಮಾರುವ ಕಟಗಿ ಅಡ್ಡೆಯ ಸಿದ್ರಾಮ ವ್ಯವಸ್ಥೆ ನೋಡುವ ನೆವದಲ್ಲಿ ಬಂದು, ರಂಗದ ಮೇಲೆ ಅರಮನೆಯ ಪರದೆಗೆ ಬೆನ್ನು ಕೊಟ್ಟು ಮಿರ್ಚಿ ಭಜಿ ತಿನ್ನುತ್ತ ಕೂತರು. ಪರದೆಯ ಮೇಲೆ ಕಲ್ಲಿನ ಗೋಡೆ ಬರೆದಿತ್ತು. ಅದು ನಿಜವಾದ ಗೋಡೆಯೆಂದೇ ತಿಳಿದು ಮಾತಾಡಿದರು. ಅದರ ಹಿಂದೆ ಜೈನಾಬಿ ಸಾಮಾನಿನ ಪೆಟ್ಟಿಗೆ ತೆರೆದು ನನ್ನ ಧೂಳು ಒರೆಸುತ್ತಿದ್ದಳು. ಅವಳ ಕೈ ನನ್ನ ಮೇಲೆ ನಿಂತೇ ಹೋಯಿತು. ನಾನೂ ಎಲ್ಲ ಕೇಳಿಸಿಕೊಂಡೆ.

ಅವರು ಹೋದ ಮೇಲೆ ಅವಳು ನೇರ ಮಾಲಕರ ಹತ್ತಿರ ಹೋದಳು. “ಮಾಲಕರ, ನಾಳೆ ನೇಮಣ್ಣಾರನ್ನ ಹೊಡೀತಾರಂತ್ರಿ. ಕಿವಿಯಾರೆ ಕೇಳೀನಿ.”

ಮಾಲಕರ ಮುಖ ಬಿಳಿಚಿತು. ಆದರೂ, “ನಾವು ಹೊಟ್ಟಿ ಹೊರಕೊಳ್ಳಾಕ ಬಂದ ಮಂದಿ, ಜೈನಾಬಿ. ಊರ ರಾಜಕಾರಣ ನಮಗ್ಯಾಕ? ನಾಟಕ ಆಗ್ಲಿ, ಆಮ್ಯಾಲ ನೋಡೂಣು” ಎಂದರು. ಆಹಾ! ರಾಜನ ಪಾರ್ಟು ಆ ಮನುಷ್ಯನ ರಕ್ತದಲ್ಲೇ ಇಳಿದಿತ್ತು.

ಅವಳು ಠಾಣೆಗೆ ಹೋದಳು. ಜಮಾದಾರ ಹಲ್ಲು ಕಿರಿದ. “ಜೈನಕ್ಕಾ, ಮೆಟ್ಟಿಲ ಮ್ಯಾಲ ಕೊಲ್ಲೂದು ನಿಮ್ಮ ನಾಟಕದ ಕಥೀನ ಅಲ್ಲೇನು? ಎರಡು ಪಾಸ್ ಕಳಸ್ರಿ, ಬಂದು ನೋಡ್ತೀವಿ.” ನೇಮಣ್ಣರ ಮನೆಗೆ ಹೋದರೆ ಅವರು ಮದುವೆಗೆ ಹೋಗಿದ್ದರು, ಅಲ್ಲಿಂದ ಸೀದಾ ನಾಟಕಕ್ಕೆ ಬರುವವರಿದ್ದರು. ಬಂದಾಗ ಅವರ ಒಂದು ಬದಿಗೆ ದಾನಪ್ಪ, ಇನ್ನೊಂದು ಬದಿಗೆ ಮಲಕಾಜಪ್ಪ. ನಡುವೆ ಒಂದು ಮಾತು ತೂರಿಸಲೂ ಜಾಗವಿರಲಿಲ್ಲ.

ಆಗ ಜೈನಾಬಿ ಬಣ್ಣದ ಕೋಣೆಯಲ್ಲಿ ಕೂತು ನನ್ನ ದಾರ ಸರಿಸಿದಳು. ಪೆನ್ಸಿಲಿಗೆ ಉಗುಳು ಹಚ್ಚಿಕೊಂಡು ಬರೆದಳು:

“ನೇಮಣ್ಣಾರ, ನಾಳಿ ಸೋಮವಾರ ಹನ್ನೊಂದಕ್ಕ ಮುನ್ಸಿಪಾಲ್ಟಿ ಮೆಟ್ಟಿಲ ಮ್ಯಾಲ ದಾನಪ್ಪ ಹಾರ ಹಾಕಿ ನಿಮ್ಮ ಎರಡೂ ಕೈ ಹಿಡೀತಾನ. ಮಲಕಾಜಪ್ಪ ಮಂದೀನ ಅಡ್ಡಗಟ್ಟತಾನ. ಕಟಗಿ ಅಡ್ಡೆ ಸಿದ್ರಾಮ ಹಿಂದಿನಿಂದ ಚಾಕು ಹಾಕತಾನ. ಹೋಗಬ್ಯಾಡ್ರಿ. ಇದು ನಾಟಕಲ್ಲ. ಜೈನಾಬಿ.”

ಹುಟ್ಟಿದ ಹದಿಮೂರು ವರ್ಷಕ್ಕೆ ನನ್ನ ಹೊಟ್ಟೆ ತುಂಬಿತು. ಇವತ್ತು ನನ್ನನ್ನು ಬಿಚ್ಚಲಿ, ನಾನೂ ಒಂದು ಓಲೆಯೆಂದು ತೋರಿಸುತ್ತೇನೆ ಎಂದು ನಾನು ಬಿಗಿಯಾಗಿ ಕೂತೆ.

ಮೆಟ್ಟಿಲಿನ ಪ್ರವೇಶ ಬಂತು. ನೇಮಣ್ಣರಿಗೆ ಕಿರೀಟ ಹಾಕಿ ರಂಗದ ಮೇಲೆ ತಂದರು. ಡೇರೆಯಲ್ಲಿ ಎಂಟು ನೂರು ಮಂದಿ. ಜೈನಾಬಿ ನನ್ನನ್ನು ಆ ನೀಲಿ ಬೆರಳುಗಳಲ್ಲಿಟ್ಟಳು. ಮುದುಕಿಯ ದನಿ ಬಿಟ್ಟು ತನ್ನ ದನಿಯಲ್ಲೇ, “ನೇಮಣ್ಣಾ, ಇದು ನಾಟಕದ್ದಲ್ರೀ. ಖರೇನ ಐತಿ. ಈಗ ಬಿಚ್ಚಿ ಓದ್ರಿ, ನಿಮ್ಮ ಕಾಲ್ ಬೀಳ್ತೀನಿ” ಎಂದಳು. ನಿಜವಾಗಿಯೂ ಕಾಲಿಗೆ ಬಿದ್ದಳು.

ಡೇರೆ ಸೀಟಿಯಿಂದ ಹಾರಿಹೋಯಿತು. ಜೈನಕ್ಕ ಹೊಸ ಡೈಲಾಗು ಹಾಕಿದಳು ಎಂದು ಜನಕ್ಕೆ ಖುಷಿಯೋ ಖುಷಿ. ನೇಮಣ್ಣ ಅವಳನ್ನು ಎತ್ತಿ ನಿಲ್ಲಿಸಿದರು. ಅವಳ ಕಣ್ಣೀರು ನೋಡಿ ಒಂದು ಗಳಿಗೆ ಅನುಮಾನಿಸಿದ ಹಾಗಿತ್ತು. ನನ್ನ ದಾರದ ಮೇಲೆ ಅವರ ಹೆಬ್ಬೆರಳು ಆಡಿದ್ದು ನನಗೆ ಗೊತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ದಾನಪ್ಪ, “ಡೈಲಾಗ್ ಹೇಳ್ರೀ ಅಧ್ಯಕ್ಷರ!” ಎಂದು ಕೂಗಿದ. ನೇಮಣ್ಣ ನಕ್ಕು, ನನ್ನನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು, ಆ ಹಾಳು ಮಾತನ್ನು ಹೇಳಿದರು.

ಹದಿಮೂರು ವರ್ಷ ಎಚ್ಚರಿಕೆ ಕೊಟ್ಟು ಚಪ್ಪಾಳೆ ಗಿಟ್ಟಿಸಿದವಳಿಗೆ ಅವತ್ತಿನ ಚಪ್ಪಾಳೆ ಕೆನ್ನೆಗೆ ಹೊಡೆದಂತಾಯಿತು. ರಂಗದ ಪಕ್ಕದಲ್ಲಿ ಕುಸಿದು ಕೂತಳು. ಅವಳು ಏಳುವಷ್ಟರಲ್ಲಿ ದಾನಪ್ಪ ನೇಮಣ್ಣರ ಹೆಗಲ ಮೇಲೆ ಕೈಹಾಕಿ ಕರೆದೊಯ್ದಿದ್ದ; ಓಲೆ ಅವರ ಜೇಬಿನಲ್ಲಿದೆ, ರಾತ್ರಿಯಾದರೂ ಓದಿಯಾರು ಎಂದು ನಂಬಿಕೊಂಡಳು.

ನಾನು ಅತಿಥಿಯ ಜೇಬಿನಲ್ಲೇ ಉಳಿದು ಅವರ ಮನೆ ಸೇರಿದೆ. ಬೆಳಿಗ್ಗೆ ಅವರ ಹೆಂಡತಿ ಪದ್ಮವ್ವ ಒಗೆಯಲು ಹಾಕುವಾಗ ನನ್ನನ್ನು ತೆಗೆದರು.

“ಇದೇನ್ರಿ?”

“ಕಂಪನಿಯವರ ಓಲಿ. ಕೊಡೂದ ಮರತೆ. ಒಳಗ ಏನ್ ಬರದಾಳೋ ನೋಡೂಣ ತಡಿ, ಆ ಹೆಣ್ಣುಮಗಳು ಭಾಳ ಅತ್ತಳು” ಎಂದು ನೇಮಣ್ಣ ನನ್ನ ಅರಗಿನ ಮೇಲೆ ಉಗುರಿಟ್ಟರು.

“ಬಿಚ್ಚಬ್ಯಾಡ್ರಿ, ಮುದ್ರಿ ಒಡದೀತು. ಪಾಪ, ಬಡವರ ಸಾಮಾನ” ಎಂದರು ಪದ್ಮವ್ವ.

“ಅದೂ ಖರೆ” ಎಂದು ಅವರು ಉಗುರು ತೆಗೆದರು. ಕೆಟ್ಟವರ ಕೈಯಲ್ಲಿ ಸಿಕ್ಕಿದ್ದರೆ ಹರಿದಾದರೂ ಓದುತ್ತಿದ್ದರು. ನನಗೆ ಸಿಕ್ಕಿದ್ದು ಒಳ್ಳೆಯವರು. ಅರಗು ಒಡೆಯಿರಿ, ಹರಿಯಿರಿ, ನನ್ನ ಆಸೆ ಬಿಡಿ ಎಂದು ನಾನು ಒದ್ದಾಡಿದೆ. ಕಾಗದದ ಒದ್ದಾಟ ಯಾರಿಗೆ ಕಾಣಿಸುತ್ತದೆ? ಮೀಟಿಂಗು ಮುಗಿಸಿ ತಾವೇ ಕೊಟ್ಟು ಬರುವುದಾಗಿ ಹೇಳಿ, ಹೊಸ ಜುಬ್ಬಾದ ಎಡ ಜೇಬಿನಲ್ಲಿ ನನ್ನನ್ನು ಇಟ್ಟುಕೊಂಡು ಬೆಳಗ್ಗೇ ಕೆರೆ ನೋಡಲು ಹೊರಟರು.

ಜೈನಾಬಿ ಅವರ ಮನೆಗೆ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಕೆರೆಗೆ ಓಡಿದಳು, ಅಲ್ಲಿಂದ ಪುರಸಭೆಗೆ ಓಡಿದಳು. ಹನ್ನೊಂದಕ್ಕೆ ಎರಡೇ ನಿಮಿಷ. ಮೆಟ್ಟಿಲ ಸುತ್ತ ಜನವೋ ಜನ. ಅವಳು ಗೇಟಿನಿಂದಲೇ, “ನೇಮಣ್ಣಾ, ಹತ್ತಬ್ಯಾಡ್ರೀ! ಮೆಟ್ಟಿಲು ಹತ್ತಬ್ಯಾಡ್ರೀ!” ಎಂದು ಕಿರುಚಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಜನಕ್ಕೂ ಕೇಳಿಸಿತು. ಅವರು ತಿರುಗಿ ನೋಡಿ, “ಓಹೋ, ಜೈನಕ್ಕ ಬಂದ್ಳೋ!” ಎಂದು ಕೇಕೆ ಹಾಕಿದರು. ಒಬ್ಬ ಅವಳಿಗೆ ನಮಸ್ಕಾರವನ್ನೂ ಮಾಡಿದ.

ದಾನಪ್ಪ ಜೇಬಿನಿಂದ ಇಣುಕುತ್ತಿದ್ದ ನನ್ನನ್ನು ನೋಡಿ, “ಏನ್ರೀ ಅಧ್ಯಕ್ಷರ, ಇನ್ನೂ ರಾಜಾನ ಅದೀರಲ್ಲ!” ಎಂದು ನಕ್ಕ. ಹಾರ ಹಾಕಿದ. ಎರಡೂ ಕೈ ಹಿಡಿದ.

ಉಳಿದದ್ದು ನನ್ನ ಒಳಗೆ ಬರೆದ ಹಾಗೆಯೇ ನಡೆಯಿತು. ಒಂದಕ್ಷರವೂ ಹೆಚ್ಚುಕಮ್ಮಿಯಿಲ್ಲ. ನೇಮಣ್ಣ ನನ್ನ ಮೇಲೆಯೇ ಬಿದ್ದರು. ಅವರ ರಕ್ತ ನನ್ನ ಸುತ್ತು ಸುತ್ತಿಗೂ ಇಳಿಯಿತು. ನಾನು ನಾಟಕದಲ್ಲಿ ಸಾವಿರ ಸಲ ಕೊಲೆ ನೋಡಿದವನು, ಆದರೆ ರಕ್ತ ಬೆಚ್ಚಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಲಕಾಜಪ್ಪ ಮಂದಿಯನ್ನು ತಡೆದು ನಿಂತಿದ್ದರಿಂದ ಚಾಕು ಹಾಕಿದವನನ್ನು ಯಾರೂ ನೋಡಲಿಲ್ಲ. ಹೊರಗಿನವನು ಯಾರೋ ಎಂದು ದಾನಪ್ಪ ಎದೆ ಬಡಿದುಕೊಂಡು ಅತ್ತ. ಜಮಾದಾರ ಪಂಚನಾಮೆ ಬರೆಸಿದ: “ಎಡ ಜೇಬಿನಲ್ಲಿ ದಾರ ಕಟ್ಟಿದ, ರಕ್ತ ಹತ್ತಿದ ನಾಟಕದ ಸುರುಳಿ ಒಂದು. ಬಿಚ್ಚಿ ನೋಡುವ ಅಗತ್ಯ ಕಂಡುಬರಲಿಲ್ಲ.” ನನಗೆ ಆದ ಅವಮಾನಗಳಲ್ಲಿ ಇದೇ ದೊಡ್ಡದು. ಹೆಣದ ಮೇಲಿದ್ದಾಗಲೂ ನನ್ನನ್ನು ಬಿಚ್ಚಲಿಲ್ಲ!

ವಾರದ ನಂತರ ಜಮಾದಾರ ಜೈನಾಬಿಯನ್ನು ಕರೆಸಿ, “ನಿಮ್ಮ ಸಾಮಾನ ತಗೊಂಡ್ ಹೋಗ್ರಿ” ಎಂದು ನನ್ನನ್ನು ಮೇಜಿನ ಮೇಲೆ ಎಸೆದ. “ಒಮ್ಮಿ ಬಿಚ್ಚಿ ಓದ್ರಿ ಸಾಹೇಬರ” ಎಂದು ಅವಳು ಕೈಮುಗಿದಳು. “ನಾಟಕದ್ದನ್ನ ನಾಟಕದಾಗ ಓದ್ಕೋರಿ” ಎಂದ ಅವನು.

ಅವಳು ಅಳಲಿಲ್ಲ. ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು, “ಆತು. ಹಂಗ ಮಾಡ್ತೀನಿ” ಎಂದು ಎದ್ದಳು.

ಇಪ್ಪತ್ತೊಂದನೆಯ ದಿನ, ಮಧ್ಯಾಹ್ನ ಮೂರಕ್ಕೆ, ದಿವಂಗತ ನೇಮಣ್ಣರ ಸ್ಮರಣಾರ್ಥ ಪ್ರಯೋಗ. ಮುಖ್ಯ ಅತಿಥಿ ಪ್ರಭಾರಿ ಅಧ್ಯಕ್ಷ ದಾನಪ್ಪ. ಕೆರೆಯ ಠರಾವು ಮಾತಿಲ್ಲದೆ ಮೂಲೆ ಸೇರಿತ್ತು. ಮೊದಲ ಸಾಲಿನಲ್ಲಿ ಪದ್ಮವ್ವ, ಪೊಲೀಸ್ ಸಾಹೇಬರು, ಮಲಕಾಜಪ್ಪ. ಮೂರನೆಯ ಸಾಲಿನಲ್ಲಿ ಸಿದ್ರಾಮ ಶೇಂಗಾ ಸುಲಿಯುತ್ತ ಕೂತಿದ್ದ.

ಪದ್ಧತಿಯಂತೆ ದಾನಪ್ಪನಿಗೆ ಕಿರೀಟ ಹಾಕಿ ಗಲ್ಲದ ಕೆಳಗೆ ದಾರ ಕಟ್ಟಿದರು. ಅವನು ಎದೆಯುಬ್ಬಿಸಿ ಮೆಟ್ಟಿಲ ಬಳಿ ಬಂದ. ಜೈನಾಬಿ ಬೆನ್ನು ಬಾಗಿಸದೆ, ತಲೆಗೆ ಸುಣ್ಣದ ಪುಡಿ ಹಚ್ಚದೆ ಬಂದಳು. ಅವನು ಓಲೆಗೆ ಕೈ ಚಾಚಿದ. ಅವಳು ಕೊಡಲಿಲ್ಲ.

“ನೀವು ಓದಬ್ಯಾಡ್ರಿ. ನಾ ಓದ್ತೀನಿ” ಎಂದಳು.

ಜನ ನಕ್ಕರು. ಅವಳು ನನ್ನ ದಾರ ಸರಿಸಿದಳು. ಒಣಗಿದ ರಕ್ತ ಹಿಡಿದುಕೊಂಡಿದ್ದರಿಂದ ನಾನು ಚರಚರ ಎಂದು ಬಿಚ್ಚಿಕೊಂಡೆ. ಆ ಸದ್ದಿಗೇ ನಗು ನಿಂತಿತು. ಅವಳು ಓದಿದಳು. ವಾರ, ಗಂಟೆ, ಹಾರ, ಕೈ, ಚಾಕು, ಮೂರು ಹೆಸರು. ದನಿ ಏರಿಸಲಿಲ್ಲ, ಹಾಡಲಿಲ್ಲ. ಓದಿ ಮುಗಿಸಿ, ರಕ್ತ ಹತ್ತಿದ ನನ್ನ ಮೈಯನ್ನು ಎಂಟು ನೂರು ಮಂದಿಗೆ ಹಿಡಿದು ತೋರಿಸಿದಳು. “ಅವತ್ತ ಇದ್ರ ಮುಂದನ ಚಪ್ಪಾಳಿ ಹೊಡದ್ರಲ್ಲ, ಹೊಡೀರಿ ಈಗ!” ಎಂದಳು.

ದಾನಪ್ಪ, “ಪರದಿ ಬಿಡ್ರೋ!” ಎಂದು ಚೀರಿದ. ಅರ್ಧ ಬಣ್ಣ ಹಚ್ಚಿಕೊಂಡಿದ್ದ ಮಾಲಕರು ಪಕ್ಕದಿಂದ ಹೊರಬಂದರು. ಪರದೆಯ ಹಗ್ಗವನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ನಿಂತು, “ಬಿಡೂದಿಲ್ಲ. ಎಲ್ಲಾರೂ ನೋಡ್ಲಿ” ಎಂದರು. ಅವರ ಮೇಲಿದ್ದ ನನ್ನ ಹದಿಮೂರು ವರ್ಷದ ಮುನಿಸು ಅಂದೇ ಮುಗಿಯಿತು.

ಸಿದ್ರಾಮ ಎದ್ದು ಓಡಿದ. ಓಡಿದ್ದೇ ತಪ್ಪಾಯಿತು; ನೇಕಾರರು ಬಾಗಿಲಲ್ಲೇ ಹಿಡಿದರು. ದಾನಪ್ಪ ಕಿರೀಟ ಕೀಳಲು ಹೋದ, ಗಂಟು ಬಿಚ್ಚಲಿಲ್ಲ. ತಗಡಿನ ಕಿರೀಟದಲ್ಲೇ ಅವನನ್ನು ಜೀಪು ಹತ್ತಿಸಿದರು.

ಕೋರ್ಟಿನಲ್ಲಿ ನನ್ನನ್ನು ಮತ್ತೆ ಮತ್ತೆ ಬಿಚ್ಚಿದರು. ಕೊಲೆಯಾದ ಮೇಲೆ ಇವಳೇ ಬರೆದು ಸೇರಿಸಿದ್ದಾಳೆ ಎಂದು ದಾನಪ್ಪನ ವಕೀಲರು ವಾದಿಸಿದರು. ಪರೀಕ್ಷೆ ಮಾಡಿದ ತಜ್ಞರು ಒಂದೇ ಮಾತು ಹೇಳಿದರು: ಅಕ್ಷರ ಕೆಳಗಿದೆ, ರಕ್ತ ಮೇಲಿದೆ. ವಕೀಲರು ಜೈನಾಬಿಯತ್ತ ತಿರುಗಿ, “ನಟನೆ ನಿಮ್ಮ ಕಸುಬು. ಈಗಲೂ ನಟಿಸುತ್ತಿದ್ದೀರಿ ಅಲ್ಲವೆ?” ಎಂದರು.

“ಆ ಭಾನುವಾರ ಡೇರೇದಾಗ ನಾ ಒಬ್ಬಾಕಿನ ನಟನಿ ಮಾಡಿರಲಿಲ್ರಿ. ಉಳದಾವ್ರೆಲ್ಲಾ ಮಾಡಿದ್ರು” ಎಂದಳು ಅವಳು.

ಸಿದ್ರಾಮನಿಗೂ ಮಲಕಾಜಪ್ಪನಿಗೂ ಜೀವಾವಧಿಯಾಯಿತು. ದಾನಪ್ಪ ಅಪೀಲಿನಲ್ಲಿ ಸಂಶಯದ ಲಾಭ ಪಡೆದು ಹೊರಬಂದ. ಇದನ್ನು ಮುಚ್ಚಿಟ್ಟು ನಿಮಗೆ ಸಿಹಿಯಾದ ಕಥೆ ಹೇಳುವ ಜಾತಿ ನನ್ನದಲ್ಲ. ಆದರೆ ಮುಂದೆ ಅವನು ಯಾವ ವೇದಿಕೆ ಹತ್ತಿದರೂ ಹಿಂದಿನಿಂದ ಯಾರಾದರೊಬ್ಬರು, “ಓಲಿ ಓದ್ಲೇನ್ರೀ?” ಎನ್ನುತ್ತಿದ್ದರು. ಅವನು ಇಳಿದು ಹೋಗುತ್ತಿದ್ದ. ಸಾಯುವವರೆಗೂ ಒಂದು ಚುನಾವಣೆಗೂ ನಿಲ್ಲಲಿಲ್ಲ. ಕೆರೆಯ ಬೇಲಿಯನ್ನು ನೇಕಾರರೇ ಕಿತ್ತರು.

ನಾನೀಗ ಮುದಿಯಾಗಿದ್ದೇನೆ. ಜಿಲ್ಲಾ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ, ಚೀಟಿ ಕಟ್ಟಿದ ಬಟ್ಟೆಯ ಚೀಲದಲ್ಲಿ, ತುಕ್ಕು ಹಿಡಿದ ಒಂದು ಚಾಕುವಿನ ಪಕ್ಕ ಮಲಗಿದ್ದೇನೆ. ನಾವಿಬ್ಬರೂ ಮಾತಾಡುವುದಿಲ್ಲ. ಪೆನ್ಸಿಲಿನ ಅಕ್ಷರ ಅಳಿಸಿಹೋಗುತ್ತಿದೆ, ಅಂಚನ್ನು ಹುಳ ತಿಂದಿದೆ. ಮುಗಿದ ಕೇಸುಗಳಲ್ಲಿ ಸಾಕ್ಷಿಗೆ ಇಟ್ಟ ಹಳೆಯ ಮುದ್ದೆಮಾಲು ಸುಡಲು ಈಚೆಗೆ ಆದೇಶವಾಯಿತು. ಶಕುಂತಲಾ ಎಂಬ ಹೊಸ ಗುಮಾಸ್ತೆ ಪಟ್ಟಿ ಮಾಡುತ್ತ ನನ್ನನ್ನು ಬಿಚ್ಚಿದಳು. ಪುಣ್ಯಾತಗಿತ್ತಿ, ಬಿಚ್ಚಿ ನೋಡುವ ಅಗತ್ಯ ಅವಳಿಗೆ ಕಂಡುಬಂತು! ಅರ್ಧ ಓದಲಾಗದೆ ಅವಳು ಅಲ್ಲಿ ಇಲ್ಲಿ ವಿಚಾರಿಸಿ ಗುಳೇದಗುಡ್ಡಕ್ಕೆ ಫೋನು ಹಚ್ಚಿದಳು.

“ಅಮ್ಮಾ, ನಿಮ್ಮ ಓಲಿ ಇಲ್ಲೈತ್ರಿ. ನಾಳೆ ಸುಡ್ತಾರ. ಬೇಕಂದ್ರ ಒಂದು ಅರ್ಜಿ ಕೊಡ್ರಿ, ಸಾಹೇಬರಿಗೆ ನಾ ಹೇಳ್ತೀನಿ.”

ಆ ಕಡೆಯಿಂದ ಎಂಬತ್ತರ ದನಿ. ಈಗ ಅದು ಬಣ್ಣ ಹಚ್ಚದೆಯೂ ಮುದುಕಿಯ ದನಿಯೇ. “ನನಗ್ಯಾಕವ್ವಾ ಅದು? ಸುಡ್ಲಿ ಬಿಡು. ನನಗ ಬಾಯಿಪಾಠ ಐತಿ.”

ಹೇಳಿಯೇಬಿಟ್ಟಳು. ವಾರ, ಗಂಟೆ, ಮೂರು ಹೆಸರು, ಹುಳ ತಿಂದ ಸಾಲುಗಳನ್ನೂ ಬಿಡದೆ. ಶಕುಂತಲಾ ಪೆನ್ನು ಕೆಳಗಿಟ್ಟು, “ಇನ್ನೊಮ್ಮಿ ಹೇಳ್ರಿ ಅಮ್ಮಾ, ಸಾವಕಾಶ. ನಾನೂ ಬಾಯಿಪಾಠ ಮಾಡ್ಕೋತೀನಿ” ಎಂದಳು.

ನಾಳೆ ಮಧ್ಯಾಹ್ನ ಕೋರ್ಟಿನ ಹಿಂದಿನ ಅಂಗಳದಲ್ಲಿ ಸುಡುತ್ತಾರಂತೆ. ಕಡ್ಡಿ ಗೀರಲಿ, ನನಗೇನೂ ಭಯವಿಲ್ಲ.